ಒಂದು ದೀರ್ಘದ ಸಲುವಾಗಿ ಸಮುದ್ರ ದಾಟಿದ್ದು

ನಗರ

ಮಕ್ಕಾಕ್ಕೆ ಹೋಗಿ ಬಂದವರನ್ನು ನಮ್ಮ ಕಡೆ ಎಲ್ಲರೂ ಮೊದಲು ಕೇಳುವುದು ಬಿಸಿಲು ಹೇಗಿತ್ತು ಅಂತ. ಬಿಸಿಲಿನ ವಿಷಯವನ್ನೂ ಹೇಳುತ್ತೇನೆ. ಆದರೆ ನಾನು ಹೋದದ್ದು ನನ್ನ ಫುಪ್ಪುವಿನ ಜೊತೆ. ಫುಪ್ಪು ಹೊರಟದ್ದು ಹಜ್ಜಿನ ಜೊತೆಗೆ ಇನ್ನೊಂದು ಕೆಲಸವನ್ನೂ ಮನಸ್ಸಿನಲ್ಲಿ ಇಟ್ಟುಕೊಂಡು. ಹಾಗಾಗಿ ಮೊದಲು ಅವರ ವಿಷಯ.

ಫುಪ್ಪು ಎಂದರೆ ನನ್ನ ತಂದೆಯ ಅಕ್ಕ. ಹೆಸರು ಖದೀಜಾ. ಹೊಸನಗರ ತಾಲ್ಲೂಕಿನ ನಗರದಲ್ಲಿ, ಕೋಟೆಯ ಕೆಳಗಿನ ಕೇರಿಯಲ್ಲಿ ಅವರ ಮನೆ. ಚಿಕ್ಕಂದಿನಲ್ಲೇ ಸಿಡುಬು ಬಂದು ಎರಡೂ ಕಣ್ಣು ಹೋದವು. ಅವರ ತಂದೆ, ಅಂದರೆ ನನ್ನ ಅಜ್ಜ, ಮಗಳಿಗೆ ಕುರಾನನ್ನು ಬಾಯಿಂದಲೇ ಕಲಿಸಿದರು. ಅಜ್ಜನಿಗೂ ಅದು ಹಾಗೇ ಬಂದದ್ದು. ಹರೆಯದಲ್ಲಿ ಅವರು ಎತ್ತುಗಳ ಮೇಲೆ ಮೆಣಸು ಹೇರಿಕೊಂಡು ಘಾಟಿ ಇಳಿದು ಗಂಗೊಳ್ಳಿ ಬಂದರಿಗೆ ಹೋಗುತ್ತಿದ್ದರಂತೆ. ಒಂದು ವರ್ಷ ಮಳೆ ಬೇಗ ಹಿಡಿದು ಘಾಟಿಯ ದಾರಿ ಮುಚ್ಚಿತು. ಅದೇ ಮಳೆಗೆ ಸಿಕ್ಕಿ, ಹಾಯಿಹಡಗಿನಲ್ಲಿ ಬಂದಿದ್ದ, ಅರಬಸ್ಥಾನದ ದಕ್ಷಿಣ ಕರಾವಳಿಯ ಹದ್ರಮೌತಿನ ಅರಬನೊಬ್ಬನೂ ಬಂದರಿನಲ್ಲಿ ಉಳಿದುಕೊಂಡಿದ್ದ. ಕುರಾನು ಪೂರ್ತಿ ಕಂಠಪಾಠವಿದ್ದವನು. ಆ ಮಳೆಗಾಲದಲ್ಲೂ ಮುಂದಿನ ಕೆಲವು ಮಳೆಗಾಲಗಳಲ್ಲೂ ಅಜ್ಜ ಅವನೆದುರು ಕೂತು ಕಲಿತರು. ಊರಿಗೆ ಬಂದು ಕುರುಡಿ ಮಗಳಿಗೆ ದಾಟಿಸಿದರು.

ಮುಂದೆ ಫುಪ್ಪುವಿನ ಜಗುಲಿಯಲ್ಲಿ ಕೇರಿಯ ಹೆಣ್ಣುಮಕ್ಕಳೆಲ್ಲ ಕಲಿತರು. ನಾನೂ ಕಲಿತೆ. ತಪ್ಪಿದರೆ ಫುಪ್ಪು ಗದರುತ್ತಿರಲಿಲ್ಲ, ತಲೆಯನ್ನು ಸ್ವಲ್ಪ ವಾಲಿಸುತ್ತಿದ್ದರು. ಅಷ್ಟಕ್ಕೇ ನಮಗೆ ಬೆವರು ಬರುತ್ತಿತ್ತು. ನಮ್ಮ ಮನೆಮಾತು ಉರ್ದು. ಆದರೂ ಸಿಟ್ಟು ಬಂದಾಗ ಮತ್ತು ಗುಟ್ಟು ಹೇಳುವಾಗ ಫುಪ್ಪುವಿನ ಬಾಯಿಗೆ ಕನ್ನಡವೇ ಬರುವುದು. ಈ ಪ್ರಯಾಣದುದ್ದಕ್ಕೂ ಅವರಿಗೆ ಸಿಟ್ಟೂ ಇತ್ತು, ಗುಟ್ಟೂ ಇತ್ತು. ಹಾಗಾಗಿ ನಾವಿಬ್ಬರೂ ಅರಬಸ್ಥಾನದಲ್ಲಿ ಆಡಿದ್ದೆಲ್ಲ ಕನ್ನಡ.

ಹೊರಡುವ ಹಿಂದಿನ ವರ್ಷ ನಮ್ಮ ಮಸೀದಿಗೆ ಉತ್ತರದ ಕಡೆ ಓದಿದ ಹೊಸ ಮೌಲ್ವಿಯೊಬ್ಬರು ಬಂದರು. ಸಜ್ಜನರು, ಮೆಲುಮಾತಿನವರು. ಒಂದು ದಿನ ಫುಪ್ಪುವಿನ ಮನೆ ಮುಂದೆ ಹೋಗುವಾಗ ಹುಡುಗಿಯರ ಓದು ಕಿವಿಗೆ ಬಿದ್ದು ನಿಂತರು. ಕುರಾನಿನ ಮೊದಲ ಅಧ್ಯಾಯ ಫಾತಿಹಾ. ಪ್ರತಿ ನಮಾಜಿನಲ್ಲೂ ಅದನ್ನು ಹೇಳಲೇಬೇಕು. ಅದರಲ್ಲಿ ‘ಮಾಲಿಕಿ’ ಎಂಬ ಒಂದು ಪದವಿದೆ. ಫುಪ್ಪುವಿನ ಹುಡುಗಿಯರು ‘ಮಲಿಕಿ’ ಎನ್ನುತ್ತಿದ್ದರು. ದೀರ್ಘವಿದ್ದರೆ ತೀರ್ಪಿನ ದಿನದ ಒಡೆಯ, ಇಲ್ಲದಿದ್ದರೆ ಆ ದಿನದ ಅರಸ. ಇನ್ನು ಕೆಲವು ಕಡೆ ಎಲ್ಲರೂ ‘ನಾರ್’ (ಬೆಂಕಿ) ಎಂದು ಓದುವುದನ್ನು ಇವರು ‘ನೇರ್’ ಎಂಬಂತೆ ಬಾಗಿಸಿ ಓದುತ್ತಿದ್ದರು. ಮೌಲ್ವಿಗಳು ಅಚ್ಚಾದ ಕುರಾನನ್ನು ನನ್ನೆದುರು ಬಿಡಿಸಿ ತೋರಿಸಿದರು. ಅಕ್ಷರದ ಮೇಲೆ ದೀರ್ಘದ ಗೀಟು ಸ್ಪಷ್ಟವಾಗಿತ್ತು. ಇದು ಅಮ್ಮನವರ ತಪ್ಪಲ್ಲ, ಬಾಯಿಂದ ಬಾಯಿಗೆ ಬರುವಾಗ ಹಳ್ಳಿಯ ನಾಲಿಗೆ ಬೆರೆತಿದೆ, ಮಕ್ಕಳು ಇದನ್ನು ಕಲಿಯದಿದ್ದರೆ ಒಳ್ಳೆಯದು ಎಂದರು.

ನಾನು ಸಾಗರದ ಶಾಲೆಯಲ್ಲಿ ಕನ್ನಡ ಮೇಷ್ಟ್ರು. ಹ್ರಸ್ವ ದೀರ್ಘ ತಪ್ಪಿದ ಹುಡುಗರನ್ನು ಬೆಂಚಿನ ಮೇಲೆ ನಿಲ್ಲಿಸುವವನು. ಏನೆಂದು ವಾದ ಮಾಡಲಿ? ಮೆಲ್ಲಮೆಲ್ಲಗೆ ಜಗುಲಿ ಖಾಲಿಯಾಯಿತು. ಫುಪ್ಪು ಯಾರನ್ನೂ ದೂರಲಿಲ್ಲ. ಗಟ್ಟಿಯಾಗಿ ಓದುವುದನ್ನು ಮಾತ್ರ ನಿಲ್ಲಿಸಿಬಿಟ್ಟರು. ರಜೆಗೆ ಹೋದಾಗ ನನ್ನನ್ನು ಹತ್ತಿರ ಕೂರಿಸಿಕೊಂಡು ಹೇಳಿದರು:

“ಅಪ್ಪ ಕಲಿಸಿದ್ದು ತಪ್ಪಾದ್ರೆ ಇಷ್ಟು ಹೆಣ್ಣುಮಕ್ಕಳ ನಮಾಜು ನನ್ನ ತಲೆ ಮೇಲೆ ಬರ್ತದೆ ಕರೀಮಾ. ಅದು ಹುಟ್ಟಿದ ಊರಿಗೇ ಹೋಗಿ ಕೇಳ್ತೀನಿ. ತಪ್ಪು ಅಂದ್ರೆ ಸಾಯೋವರೆಗೂ ಬಾಯಿ ತೆಗಿಯೋದಿಲ್ಲ. ನೀನು ಬರ್ತೀಯಾ ಹ್ಯಾಗೆ?”

ತಂದೆ ಬಿಟ್ಟುಹೋದ ಗದ್ದೆಯಲ್ಲಿ ತಮ್ಮ ಪಾಲನ್ನು ಮಾರಿ ಫುಪ್ಪು ಇಬ್ಬರ ಪ್ರಯಾಣಕ್ಕೂ ಏರ್ಪಾಡು ಮಾಡಿಬಿಟ್ಟಿದ್ದರು. ನಾನು ಬರುತ್ತೇನೆ ಎಂದದ್ದು ಆಮೇಲೆ.

ಮುಂಬಯಿ

ಸಾಗರದಲ್ಲಿ ರೈಲು ಹತ್ತಿ, ಅಲ್ಲಲ್ಲಿ ಇಳಿದು ಬದಲಾಯಿಸುತ್ತ ಮುಂಬಯಿ ಸೇರಿದೆವು. ನಮ್ಮ ಸಾಮಾನಿನಲ್ಲಿ ಒಂದು ಭರಣಿ ಅಪ್ಪೆಮಿಡಿ ಉಪ್ಪಿನಕಾಯಿ, ಒಂದು ಕಟ್ಟು ಹಲಸಿನ ಹಪ್ಪಳ. ಹಪ್ಪಳ ಶಿವಮೊಗ್ಗಕ್ಕೆ ಬರುವಷ್ಟರಲ್ಲಿ ಪುಡಿಯಾಯಿತು. ಭರಣಿಯನ್ನು ಫುಪ್ಪು ಮಗುವಿನಂತೆ ಮಡಿಲಲ್ಲೇ ಇಟ್ಟುಕೊಂಡಿದ್ದರು.

ಹಡಗು ಕಾಯುವ ಯಾತ್ರಿಕರ ಛತ್ರದಲ್ಲಿ ಕಾಶ್ಮೀರದಿಂದ ಮಲಬಾರಿನವರೆಗಿನ ಜನ ತುಂಬಿದ್ದರು. ಸಾಗರದ ಸಂತೆಯಲ್ಲಿ ಅಪರಿಚಿತನೊಬ್ಬ ಬಂದರೆ ನಾವು ಯಾವೂರು, ಯಾರ ಪೈಕಿ ಎಂದು ಕೇಳಿ ಮುಗಿಸುತ್ತೇವೆ. ಅಲ್ಲಿ ಊರಿನ ಹೆಸರು ಹೇಳಿದರೆ ಯಾರಿಗೂ ಅರ್ಥವಾಗುತ್ತಿರಲಿಲ್ಲ. ನಗರ ಎಂದರೆ ಯಾವ ನಗರ ಎನ್ನುತ್ತಿದ್ದರು. ಫುಪ್ಪುವಿಗೆ ಇದು ಅವಮಾನವಾಗಿ ಕಂಡಿತು. ಹೈದರಾಲಿ ಟಂಕಸಾಲೆ ಇಟ್ಟ ಊರು ಕಣಯ್ಯಾ, ಕೆಳದಿಯ ಅರಸರು ಆಳಿದ ಊರು ಎಂದು ಬಿಹಾರದ ಮುದುಕನೊಬ್ಬನಿಗೆ ಅರ್ಧ ಉರ್ದು, ಅರ್ಧ ಕನ್ನಡದಲ್ಲಿ ಪಾಠ ಮಾಡಿದರು. ಆತ ಹೌದು ಹೌದು ಎಂದು ನಿದ್ದೆಹೋದ.

ಹಡಗು

ಹೊಳೆ ದಾಟಿ ಗೊತ್ತಿದ್ದ ನನಗೆ ಸಮುದ್ರವೂ ಅಷ್ಟೇ ಅನ್ನಿಸಿತ್ತು. ದಡ ಮರೆಯಾದ ಮೇಲೆ ನಾನು ಮಲಗಿದವನು ತಲೆ ಎತ್ತಲಿಲ್ಲ. ಫುಪ್ಪುವಿಗೆ ಏನೂ ಆಗಲಿಲ್ಲ. ಕಣ್ಣಿಗೆ ಕಾಣದಿದ್ದರೆ ತಲೆ ಸುತ್ತುವುದಿಲ್ಲವೋ ಏನೋ. ಕುರುಡು ಹೆಂಗಸೊಬ್ಬರು ಮೇಷ್ಟ್ರಿಗೆ ನಿಂಬೆಹಣ್ಣು ಹಿಂಡಿ ಕುಡಿಸುವುದನ್ನು ಸುತ್ತಲಿನವರು ಸೋಜಿಗದಿಂದ ನೋಡಿದರು.

ನನ್ನನ್ನು ನೋಡಲು ಹಡಗಿನ ಆಸ್ಪತ್ರೆಯ ನರ್ಸ್ ಬಂದರು. ಏಲಿಯಮ್ಮ ಎಂದು ಹೆಸರು. ಕೇರಳದ ಸುರಿಯಾನಿ ಕ್ರೈಸ್ತರು. ಮೈಸೂರು ಸೀಮೆಯ ಮಿಷನ್ ಆಸ್ಪತ್ರೆಯೊಂದರಲ್ಲಿ ಬಹಳ ವರ್ಷ ಇದ್ದುದರಿಂದ ಕನ್ನಡ ಬರುತ್ತಿತ್ತು. ಅರಬ್ಬಿ ಸಮುದ್ರದ ನಡುವೆ ಕನ್ನಡ ಕೇಳಿದ ಫುಪ್ಪು ಅವರ ಕೈ ಹಿಡಿದವರು ಬಿಡಲಿಲ್ಲ. ಕೆಲಸ ಮುಗಿದಾಗಲೆಲ್ಲ ಸಿಸ್ಟರ್ ನಮ್ಮ ಚಾಪೆಯ ಹತ್ತಿರ ಬಂದು ಕೂರುತ್ತಿದ್ದರು. ಯಾರಿಗೂ ಹೇಳದ ದೀರ್ಘದ ಕಥೆಯನ್ನು ಫುಪ್ಪು ಅವರಿಗೆ ಹೇಳಿದರು.

ಸಿಸ್ಟರ್ ತಮ್ಮ ಕಡೆಯ ಸಂಗತಿ ಹೇಳಿದರು. ಯೇಸುವಿನ ಮಾತುಗಳು ಮೊದಲು ಕೇಳಿದವರ ಬಾಯಲ್ಲೇ ಇದ್ದವು, ಬರೆದದ್ದು ಬಹಳ ಕಾಲದ ಮೇಲೆ. ಅದನ್ನೂ ಬರೆದದ್ದು ಗ್ರೀಕಿನಲ್ಲಿ. ಯೇಸು ಆಡುತ್ತಿದ್ದ ಭಾಷೆಯೇ ಬೇರೆ. ಬರೆದವರು ನಾಲ್ವರು. ಕ್ರೈಸ್ತರೆಲ್ಲ ದಿನವೂ ಹೇಳುವ ಪ್ರಾರ್ಥನೆಯೊಂದಿದೆ. ಅದು ಒಬ್ಬರ ಪುಸ್ತಕದಲ್ಲಿ ಉದ್ದ ಇದೆ, ಇನ್ನೊಬ್ಬರದರಲ್ಲಿ ಗಿಡ್ಡ. ಯಾವುದು ಸರಿ ಎಂದು ಹುಡುಗಿಯಾಗಿದ್ದಾಗ ಇವರು ತಮ್ಮ ಪಾದ್ರಿಯನ್ನು ಕೇಳಿದರಂತೆ. ಎರಡನ್ನೂ ಉಳಿಸಿಕೊಂಡಿದ್ದೇವಲ್ಲ, ಅಷ್ಟೇ ಹೇಳಬಲ್ಲೆ ಎಂದರಂತೆ ಅವರು.

ಫುಪ್ಪು ಗಂಟಲು ಸರಿಮಾಡಿಕೊಂಡರು. ನಿಮ್ಮಲ್ಲಿ ನಾಲ್ಕು, ನಮ್ಮದು ಒಂದೇ, ಒಂದು ಅಕ್ಷರ ಆಚೆ ಈಚೆ ಆಗುವಂತಿಲ್ಲ ಎಂದರು. ಅಂದ ಮೇಲೆ ತಾವು ಈ ಹಡಗು ಹತ್ತಿದ್ದು ಯಾಕೆ ಎಂಬುದು ನೆನಪಾಗಿ ಭರಣಿಯ ಮುಚ್ಚಳವನ್ನು ಇನ್ನೊಮ್ಮೆ ಬಿಗಿಮಾಡಿದರು.

ಸಿಸ್ಟರ್ ನಕ್ಕರು. ತಮಗೆ ಮಾತಿನ ಸದ್ದಿಗಿಂತ ಆಡಿದವನು ಮುಖ್ಯ, ಅದಕ್ಕೇ ಅದು ಯಾವ ಭಾಷೆಗೆ ಹೋದರೂ ಚಿಂತೆಯಿಲ್ಲ, ನಿಮಗೆ ಸದ್ದೇ ದೇವರ ಮಾತು, ಅದಕ್ಕೇ ನಿಮ್ಮ ಕಷ್ಟ ದೊಡ್ಡದು ಎಂದರು. ಆಮೇಲೆ, ಆದರೂ ನಮ್ಮ ಅಜ್ಜಿ ಆ ಪ್ರಾರ್ಥನೆಯನ್ನು ಹಳೆಯ ಸುರಿಯಾನಿ ಭಾಷೆಯಲ್ಲೇ ಹೇಳುತ್ತಿದ್ದರು, ಅರ್ಥ ಗೊತ್ತಿರಲಿಲ್ಲ, ಕಿವಿಯಿಂದ ಕಲಿತದ್ದು ಎಂದು ಸಣ್ಣ ದನಿಯಲ್ಲಿ ಹೇಳಿ ತೋರಿಸಿದರು. ಫುಪ್ಪುವಿನ ತಲೆ ವಾಲಿತು. ಎರಡನೆಯ ಸಲ ಹೇಳಿಸಿದರು.

“ಅಬೂನ್ ಅಂದ್ರೆ ಅಪ್ಪ ಅಲ್ಲನಾ? ಆಮೇಲೆ ಶ್ಮಾಯೊ ಅಂದ್ರಲ್ಲ, ಅದು ಆಕಾಶ. ನಮ್ಮದ್ರಲ್ಲಿ ಸಮಾ ಅಂತ ಬರ್ತದೆ.”

ಇಷ್ಟು ವರ್ಷ ಸಿಸ್ಟರ್ ಬಾಯಲ್ಲಿದ್ದ ಪದದ ಅರ್ಥ ನಗರದ ಕುರುಡು ಹೆಂಗಸಿನ ಕಿವಿಗೆ ಸಿಕ್ಕಿತ್ತು. ಸುರಿಯಾನಿ, ಅರಬ್ಬಿ ಎರಡೂ ಅಕ್ಕತಂಗಿ ಭಾಷೆಗಳು ಎಂದು ನಾನು ಎಲ್ಲೋ ಓದಿದ್ದೆ. ಓದಿದ್ದಕ್ಕೂ ಕಣ್ಣೆದುರು ಅವು ಗುರುತು ಹಿಡಿದು ಮಾತಾಡುವುದಕ್ಕೂ ಬಹಳ ವ್ಯತ್ಯಾಸ. ನಾನು ಎದೆಯುಬ್ಬಿಸಿ ಎದ್ದು ಕೂತೆ.

ಜಿದ್ದಾ

ಜಿದ್ದಾದ ಸುಂಕದ ಕಟ್ಟೆಯಲ್ಲಿ ನಮ್ಮ ಭರಣಿ ಸಿಕ್ಕಿಬಿತ್ತು. ಅಧಿಕಾರಿ ಮುಚ್ಚಳ ತೆಗೆದು ಮೂಗು ಹತ್ತಿರ ತಂದವನು ಹಿಂದಕ್ಕೆ ಸರಿದು ಇನ್ನೊಬ್ಬನನ್ನು ಕರೆದ. ಅವನು ಮತ್ತೊಬ್ಬನನ್ನು ಕರೆದ. ಔಷಧಿಯೋ ವಿಷವೋ ಎಂದು ಅವರಲ್ಲೇ ಚರ್ಚೆಯಾಯಿತು. ಕಡೆಗೆ ಫುಪ್ಪು ಭರಣಿಗೆ ಕೈಹಾಕಿ ಒಂದು ಮಿಡಿ ತೆಗೆದು ಕಚ್ಚಿ ತಿಂದು, ಇನ್ನೊಂದನ್ನು ದನಿ ಬಂದ ಕಡೆಗೆ ಚಾಚಿದರು. ಅಧಿಕಾರಿ ಮರ್ಯಾದೆಗೆ ಬಾಯಿಗೆ ಹಾಕಿಕೊಂಡ. ಅವನ ಕಣ್ಣಲ್ಲಿ ನೀರು ಬಂತು. ನಮ್ಮ ಸಾಮಾನನ್ನೆಲ್ಲ ಬೇಗಬೇಗ ಬಿಟ್ಟುಬಿಟ್ಟರು.

ಇನ್ನು ಬಿಸಿಲು. ನಮ್ಮಲ್ಲಿ ಆಷಾಢದಲ್ಲಿ ಒಗೆದ ಬಟ್ಟೆಯನ್ನು ಒಲೆಯ ಮೇಲೆ ಕಟ್ಟಿ ಒಣಗಿಸುತ್ತೇವೆ. ಜಿದ್ದಾದಲ್ಲಿ ಹಿಂಡಿದ ಪಂಚೆಯ ಒಂದು ತುದಿಯನ್ನು ಹಗ್ಗಕ್ಕೆ ಹಾಕಿ ಇನ್ನೊಂದು ತುದಿ ಹಿಡಿಯುವಷ್ಟರಲ್ಲಿ ಮೊದಲನೆಯದು ಗರಿಗರಿ ಆಗಿರುತ್ತಿತ್ತು. ಹಸಿರೆಲೆ ಕಣ್ಣಿಗೆ ಬೀಳದೆ ನನಗೆ ಏನೋ ಕಳೆದುಕೊಂಡ ಹಾಗೆ. ಆದರೆ ಅಲ್ಲಿಯ ಜನ ತಂಪು ನೀರಿನ ಮಣ್ಣಿನ ಕೂಜೆಯನ್ನು ಮೊದಲು ಪರಸ್ಥಳದವನ ಕೈಗೆ ಕೊಟ್ಟು ಆಮೇಲೆ ತಾವು ಕುಡಿಯುತ್ತಿದ್ದರು. ಮಲೆನಾಡಿನಲ್ಲಿ ಬಂದವರಿಗೆ ಬೆಲ್ಲ ನೀರು ಕೊಡುತ್ತೇವೆಂದು ನಾವು ಹೆಮ್ಮೆಪಡುತ್ತೇವೆ. ನೀರು ಧಾರಾಳವಾಗಿರುವ ಊರಿನಲ್ಲಿ ಅದು ಅಂಥ ದೊಡ್ಡ ಮಾತೇನಲ್ಲ ಎಂದು ಅಲ್ಲಿ ತಿಳಿಯಿತು.

ಮಕ್ಕಾ

ಕಾಬಾದ ಎದುರು ಮೊದಲ ಸಲ ನಿಂತಾಗ ನನಗಾದದ್ದನ್ನು ಬರೆಯಲು ಬರುವುದಿಲ್ಲ. ಫುಪ್ಪುವಿಗೆ ಏನೇನು ಕಾಣುತ್ತಿದೆ ಎಂದು ಹೇಳಲು ಹೊರಟೆ. ಸುಮ್ಮನಿರು, ಕೇಳಿಸ್ತಾ ಇದೆ ಎಂದರು. ಸಾವಿರಾರು ಬರಿಗಾಲುಗಳು ಕಲ್ಲಿನ ಮೇಲೆ ಸುತ್ತುವ ಸದ್ದು, ಅದರೊಳಗೆ ನೂರು ಭಾಷೆಗಳ ಗುಣುಗುಣು.

ಆಮೇಲೆ ನಮಾಜು ಶುರುವಾಯಿತು. ಇಮಾಮರ ಓದು ಅಂಗಳದ ತುಂಬ ಹರಡಿತು. ನಾನು ಕಿವಿಗೊಟ್ಟು ಕಾದೆ. ಇಮಾಮರು ಆ ಪದಕ್ಕೆ ಬಂದರು. ‘ಮಾಲಿಕಿ.’ ದೀರ್ಘ ಸ್ಪಷ್ಟವಾಗಿತ್ತು. ಮುಂದಿನ ನಮಾಜಿನಲ್ಲೂ ದೀರ್ಘ. ಮರುದಿನವೂ ದೀರ್ಘ.

ಬಿಡಾರದ ಮೆಟ್ಟಿಲ ಹತ್ತಿರ ಫುಪ್ಪು ನನ್ನ ತೋಳು ಬಿಟ್ಟು ಗೋಡೆ ಹಿಡಿದುಕೊಂಡರು.

“ಉತ್ತರ ಸಿಕ್ತು ಕರೀಮಾ. ಯಾರನ್ನೂ ಕೇಳೋದು ಬೇಡ.”

ನಮ್ಮ ಬಿಡಾರದ ಉಸ್ತುವಾರಿ ಹೈದರಾಬಾದಿನ ಮೂಲದ ಮುನ್ಷಿಯೊಬ್ಬರದು. ಅರ್ಧ ಆಯುಷ್ಯ ಮಕ್ಕಾದಲ್ಲೇ ಕಳೆದವರು. ಯಾರಾದರೂ ವಿದ್ವಾಂಸರ ಹತ್ತಿರ ಕರೆದುಕೊಂಡು ಹೋಗಿ ಎಂದು ಅವರನ್ನು ಬೇಡಿಕೊಂಡೆ. ಫುಪ್ಪುವೇ ಬೇಡವೆಂದರು. ಹಜ್ಜಿನ ವಿಧಿಗಳನ್ನೆಲ್ಲ ಒಂದೂ ಬಿಡದೆ ಪೂರೈಸಿದರು. ಅರಫಾತಿನ ಬಯಲಿನಲ್ಲಿ ಎಲ್ಲರೂ ಕೈಯೆತ್ತಿ ಅಳುವಾಗ ಅವರೂ ಅತ್ತರು. ಏನು ಬೇಡಿದಿರಿ ಎಂದು ಕೇಳಲು ನನಗೆ ಧೈರ್ಯವಾಗಲಿಲ್ಲ. ಒಂಟಿಯಾಗಿ ಕೂತಾಗ ಅವರ ತುಟಿ ಅಲುಗುವುದು ಕಾಣುತ್ತಿತ್ತು. ದೀರ್ಘ ಹಾಕಿ ಓದಲು ಯತ್ನಿಸುತ್ತಿದ್ದರು. ಪದ ಬಂದ ಕೂಡಲೇ ನಾಲಿಗೆ ತಡವರಿಸಿ ಮತ್ತೆ ಮೊದಲಿಂದ ಶುರು. ಇಡೀ ಕುರಾನನ್ನು ನೀರು ಕುಡಿದಂತೆ ಒಪ್ಪಿಸುತ್ತಿದ್ದವರು ಫಾತಿಹಾದ ಏಳು ಸಾಲುಗಳಲ್ಲಿ ಮುಗ್ಗರಿಸುವುದನ್ನು ನೋಡಿ ನನಗೆ ಊರಿಗೆ ಓಡಿಹೋಗೋಣ ಅನ್ನಿಸಿತು.

ಗೋಡೆಯಾಚೆ

ಹಜ್ಜು ಮುಗಿದು ಜನ ಖಾಲಿಯಾಗುತ್ತಿದ್ದಂತೆ ನಮ್ಮ ಪಕ್ಕದ ಕೋಣೆಗೆ ಸೂಡಾನಿನ ಹೆಂಗಸರ ಗುಂಪೊಂದು ಬಂತು. ಅವರು ಶುಂಠಿ ಹಾಕಿದ ಕಾಫಿ ಕಾಯಿಸಿದರೆ ಮನೆಯೆಲ್ಲ ಘಮಘಮ. ಗುರುತಿಲ್ಲದ ನಮಗೂ ತಟ್ಟೆಯಲ್ಲಿಟ್ಟು ಕಳಿಸುತ್ತಿದ್ದರು. ಫುಪ್ಪು ಬದಲಿಗೆ ಅಪ್ಪೆಮಿಡಿ ಕಳಿಸಿದರು. ತಟ್ಟೆ ತೊಳೆದು ವಾಪಸು ಬಂತು. ತಿಂದರೋ ಇಲ್ಲವೋ ತಿಳಿಯಲಿಲ್ಲ.

ಒಂದು ಬೆಳಗಿನ ಜಾವ ನಾನು ಬಾಗಿಲ ಹೊರಗೆ ನಮಾಜಿಗೆ ಸಿದ್ಧನಾಗುತ್ತಿದ್ದೆ. ಪಕ್ಕದ ಕೋಣೆಯಲ್ಲಿ ಹೆಂಗಸೊಬ್ಬರು ಉಳಿದವರನ್ನು ಹಿಂದೆ ನಿಲ್ಲಿಸಿಕೊಂಡು ನಮಾಜು ಮಾಡಿಸುತ್ತಿದ್ದರು. ದಪ್ಪ ಕಂಠ, ಅವಸರವಿಲ್ಲದ ಓದು. ಫಾತಿಹಾ ಶುರುವಾಯಿತು. ನಾನು ಪಂಚೆಯ ಅಂಚು ಸರಿಮಾಡಿಕೊಳ್ಳುತ್ತಿದ್ದವನು ನಿಂತೆ.

‘ಮಲಿಕಿ.’

ಒಳಗಿನಿಂದ ಫುಪ್ಪು ನನ್ನ ಹೆಸರು ಕೂಗುತ್ತ ಗೋಡೆ ತಡವಿಕೊಂಡು ಬಂದರು. ನನ್ನ ಮಣಿಕಟ್ಟು ಹಿಡಿದು ಅಲ್ಲೇ ನಿಂತರು. ಗೋಡೆಯಾಚೆಯ ಓದು ಮುಂದುವರಿಯಿತು. ಇನ್ನೊಂದು ಅಧ್ಯಾಯ, ಅದರಲ್ಲಿ ‘ನೇರ್’ ಎಂಬ ಬಾಗಿದ ದನಿ. ಫುಪ್ಪುವಿನ ಬೆರಳುಗಳು ನನ್ನ ಕೈಯಲ್ಲಿ ಗುರುತು ಮೂಡುವಷ್ಟು ಬಿಗಿದವು.

“ಅಪ್ಪನ ಓದು ಕಣೋ ಇದು. ಅಪ್ಪನೇ ಓದಿದ ಹಾಗೆ ಇದೆ.”

ಆ ಹೆಂಗಸಿನ ಹೆಸರು ಜೈನಬ್. ತಮ್ಮ ಊರಿನಲ್ಲಿ ಹೆಣ್ಣುಮಕ್ಕಳಿಗೆ ಕುರಾನು ಕಲಿಸುವವರು. ಅವತ್ತೇ ಮುನ್ಷಿಯವರು ಮಾತು ದಾಟಿಸಲು ಬಂದರು. ಹೆಂಗಸರು ಕೋಣೆಯಲ್ಲಿ, ನಾನೂ ಮುನ್ಷಿಯವರೂ ಪರದೆಯ ಈಚೆ ಮೆಟ್ಟಿಲ ಮೇಲೆ. ನನಗೆ ಎಲ್ಲವೂ ದನಿಯಾಗಿ ಮಾತ್ರ ಬಂತು.

ಜೈನಬ್ ಹೇಳಿದ್ದು ಇದು. ಇದು ಹಳ್ಳಿಯ ನಾಲಿಗೆಯಲ್ಲ. ಬಸ್ರಾದ ಹಳೆಯ ಗುರುವೊಬ್ಬರಿಂದ ಬಂದ ಓದು. ಸೂಡಾನಿನಲ್ಲಿ ಮನೆಮನೆಯಲ್ಲೂ ಇದೇ. ಒಂದು ಕಾಲಕ್ಕೆ ಹದ್ರಮೌತಿನ ಕಡೆಯೂ ಇತ್ತು. ಪ್ರವಾದಿಗಳಿಂದ ಕೇಳಿದವರು ಬೇರೆ ಬೇರೆ ಪಟ್ಟಣಗಳಿಗೆ ಹೋಗಿ ಕಲಿಸಿದರು. ಪಟ್ಟಣಕ್ಕೊಂದು ಓದು ನಿಂತಿತು. ಪ್ರತಿಯೊಂದಕ್ಕೂ ಯಾರಿಂದ ಯಾರಿಗೆ ಎಂಬ ಹೆಸರುಗಳ ಸರಪಳಿ ಇದೆ. ಅತಿ ಹಳೆಯ ಬರಹದಲ್ಲಿ ಆ ಜಾಗದಲ್ಲಿ ಇದ್ದದ್ದು ಮ, ಲ, ಕ ಎಂಬ ಮೂರೇ ಅಕ್ಷರ. ದೀರ್ಘದ ಗುರುತೂ ಇಲ್ಲ, ಹ್ರಸ್ವದ ಗುರುತೂ ಇಲ್ಲ. ಎರಡೂ ಓದು ಅದೇ ಮೂರಕ್ಷರದಲ್ಲಿ ಹಿಡಿಸುತ್ತವೆ. ಅಚ್ಚಿನವರು ತಮ್ಮ ಸೀಮೆಯ ಓದಿಗೆ ತಕ್ಕ ಗೀಟು ಹಾಕಿದರು, ಅಷ್ಟೆ.

ನಾನು ಮೆಟ್ಟಿಲ ಮೇಲೆ ಕೂತು ಅತ್ತೆ. ಮುನ್ಷಿಯವರು ಬೇರೆ ಕಡೆ ನೋಡುತ್ತ ಕೂತರು.

ಇಲ್ಲಿಗೆ ಎಲ್ಲ ಸುಖವಾಯಿತು ಎಂದುಕೊಂಡೆ. ಜೈನಬ್ ಹಾಗೆ ಸುಲಭವಾಗಿ ಬಿಡುವವರಲ್ಲ. ನಿನಗೆ ಕಲಿಸಿದವರು ಯಾರು ಎಂದು ಫುಪ್ಪುವನ್ನು ಕೇಳಿದರು. ಅಪ್ಪ. ಅವರಿಗೆ? ಮಳೆಗೆ ಸಿಕ್ಕ ಅರಬ. ಅವನ ಗುರು? ಫುಪ್ಪುವಿಗೆ ಗೊತ್ತಿರಲಿಲ್ಲ, ಅರಬನ ಹೆಸರೂ ಗೊತ್ತಿರಲಿಲ್ಲ. ಹಾಗಾದರೆ ನಿನ್ನ ಸರಪಳಿ ತುಂಡಾಗಿದೆ, ಓದು ಈ ಜಾತಿಯದು ಎಂದು ಹೇಳಬಲ್ಲೆ, ಪೂರ್ತಿ ಸರಿ ಎಂದು ಹೇಳಲಾರೆ, ಮೊದಲಿಂದ ಕಡೆಯವರೆಗೆ ನನ್ನೆದುರು ಓದು ಎಂದರು.

ನಮ್ಮ ಹಡಗು ಹೊರಡುವವರೆಗೆ ದಿನವೂ ಓದು ನಡೆಯಿತು. ಬಹಳ ಕಡೆ ಫುಪ್ಪು ನೀರಿನಂತೆ ಹರಿದರು. ಕೆಲವು ಕಡೆ ಜೈನಬ್ ನೆಲವನ್ನು ಬೆರಳಿನಿಂದ ತಟ್ಟುತ್ತಿದ್ದರು. ಒಂದೇ ರೀತಿ ಶುರುವಾಗುವ ಎರಡು ವಾಕ್ಯಗಳನ್ನು ಫುಪ್ಪು ಅದಲುಬದಲು ಮಾಡಿದ್ದರು. ಒಂದು ಕಡೆ ಒಂದು ಪುಟ್ಟ ಪದವೇ ಬಿಟ್ಟುಹೋಗಿತ್ತು. ಮೊದಲ ಸಲ ನೆಲ ತಟ್ಟಿದಾಗ ಫುಪ್ಪು, ನಮ್ಮಪ್ಪ ಹೀಗೇ ಹೇಳಿಕೊಟ್ಟದ್ದು ಎಂದು ಕನ್ನಡದಲ್ಲಿ ಗುಡುಗಿದರು. ಮುನ್ಷಿಯವರು ಏನೆಂದು ಅನುವಾದಿಸುವುದು ಎಂದು ನನ್ನ ಮುಖ ನೋಡಿದರು. ಜೈನಬ್ ಇನ್ನೊಮ್ಮೆ ನೆಲ ತಟ್ಟಿದರು. ಆಗ ಒಳಗಿನಿಂದ ಫುಪ್ಪುವಿನ ದನಿ ಬಂತು, ತಿದ್ದಿದ ಹಾಗೆ. ಆಮೇಲೆ ಎಲ್ಲಿ ನೆಲ ತಟ್ಟಿದರೂ ವಾದವಿಲ್ಲದೆ ತಿದ್ದಿಕೊಂಡರು. ಇಡೀ ಊರಿಗೆ ಕಲಿಸಿದವರು ಈ ವಯಸ್ಸಿನಲ್ಲಿ ಪರದೇಶದ ಕೋಣೆಯಲ್ಲಿ ಚಿಕ್ಕ ಹುಡುಗಿಯಂತೆ ಮತ್ತೆ ಮತ್ತೆ ಹೇಳಿ ಒಪ್ಪಿಸುವುದನ್ನು ಕೇಳಿದಾಗ ನನಗಾದ ಹೆಮ್ಮೆ, ಗೋಡೆಯಾಚೆ ‘ಮಲಿಕಿ’ ಕೇಳಿದಾಗಲೂ ಆಗಿರಲಿಲ್ಲ.

ಕಡೆಯ ದಿನ ಕೊನೆಯ ಅಧ್ಯಾಯ ಮುಗಿಯಿತು. ಜೈನಬ್ ಎರಡೂ ಕೈಗಳಲ್ಲಿ ಫುಪ್ಪುವಿನ ಮುಖ ಹಿಡಿದು ಹಣೆಗೆ ಮುತ್ತಿಟ್ಟರಂತೆ. ಇನ್ನು ನೀನು ಕಲಿಸಬಹುದು, ನನ್ನ ಸರಪಳಿಯಲ್ಲಿ ನಿನ್ನ ಹೆಸರು ಸೇರಿಸಿದ್ದೇನೆ ಎಂದರು. ಕಾಗದದಲ್ಲಿ ಬರೆದು ಕೊಡಲೇ ಎಂದು ಮುನ್ಷಿಯವರು ಕೇಳಿದರು.

“ಕಾಗದ ಎಂತಕ್ಕೆ, ನಾನು ಓದ್ತೀನಾ? ಬಾಯಲ್ಲೇ ಕೊಡೋಕೆ ಹೇಳಿ.”

ಜೈನಬ್ ಹೆಸರುಗಳನ್ನು ಹೇಳುತ್ತ ಹೋದರು. ಫುಪ್ಪು ಹಿಂದೆಯೇ ಹೇಳುತ್ತ ಬಂದರು. ತಾಯಿಯಿಂದ ಮಗಳಿಗೆ, ಗುರುವಿನಿಂದ ಶಿಷ್ಯನಿಗೆ, ನೈಲ್ ದಡದ ಊರುಗಳಿಂದ ಬಸ್ರಾಕ್ಕೆ, ಬಸ್ರಾದಿಂದ ನಾವು ಕೂತಿದ್ದ ಈ ಊರಿಗೇ. ಮತ್ತೆ ಮೇಲಿನಿಂದ ಕೆಳಕ್ಕೆ. ಕೊನೆಯಲ್ಲಿ ಜೈನಬ್ ಹೆಸರು, ಅದರ ಕೆಳಗೆ ‘ನಗರದ ಖದೀಜಾ.’ ಮುಂಬಯಿಯಲ್ಲಿ ಯಾವ ನಗರ ಎಂದು ಕೇಳಿಸಿಕೊಂಡಿದ್ದ ನಮ್ಮೂರು ಮಕ್ಕಾದ ಮೆಟ್ಟಿಲ ಮೇಲೆ ಹಾಗೆ ಕೇಳಿಸಿತು.

ಮತ್ತೆ ನಗರ

ತಿರುಗಿ ಬರುವ ಹಡಗಿನಲ್ಲಿ ಏಲಿಯಮ್ಮ ಇರಲಿಲ್ಲ. ಉದ್ದ ಗಿಡ್ಡ ಎರಡನ್ನೂ ಉಳಿಸಿಕೊಂಡ ಆ ಪ್ರಾರ್ಥನೆಯ ಮಾತು ಆಗ ನನ್ನ ಕಿವಿಗೆ ಸರಿಯಾಗಿ ಬೀಳಲಿಲ್ಲ, ಈಗ ಅರ್ಥವಾಯಿತು ಅಂತ ಅವರಿಗೆ ಹೇಳಬೇಕಿತ್ತು ಎಂದು ಫುಪ್ಪು ಕೊರಗಿದರು.

ಊರಿಗೆ ಬಂದ ಮೇಲೆ ಯಾತ್ರೆಯಿಂದ ಬಂದವರನ್ನು ಕಾಣಲು ಜನವೆಲ್ಲ ಬಂದರು. ಮೌಲ್ವಿಗಳೂ ಬಂದರು. ಫುಪ್ಪು ಅವರಿಗೆ ಒಂದು ಕಟುಮಾತೂ ಆಡಲಿಲ್ಲ. ನಡೆದದ್ದನ್ನು ಹೇಳಿದರು, ತಾವು ತಿದ್ದಿಕೊಂಡ ತಪ್ಪುಗಳನ್ನೂ ಮುಚ್ಚಿಡದೆ ಹೇಳಿದರು. ಆಮೇಲೆ ಹೆಸರುಗಳ ಸರಪಳಿಯನ್ನು ಒಪ್ಪಿಸಿದರು.

ಮೌಲ್ವಿಗಳು ಕಣ್ಣು ಮುಚ್ಚಿ ಕೇಳಿದರು. ಇಂಥ ಓದುಗಳಿವೆ ಎಂದು ಮದರಸದಲ್ಲಿ ಹೆಸರು ಓದಿದ್ದೆ, ಕಿವಿಯಾರೆ ಕೇಳಿರಲಿಲ್ಲ, ನನ್ನ ಊರಿನಲ್ಲೇ ಇದೆ ಎಂದು ಹೊಳೆಯಲಿಲ್ಲ ಎಂದರು. ಮುಂದಿನ ಶುಕ್ರವಾರ ಮಸೀದಿಯಲ್ಲಿ ಎಲ್ಲರೆದುರು ಹೇಳುತ್ತೇನೆ, ಹೆಣ್ಣುಮಕ್ಕಳನ್ನು ಮತ್ತೆ ಕಳಿಸಲಿ ಎಂದರು. ಎದ್ದು ನಿಂತವರು ಹೊರಡಲಿಲ್ಲ. ಟೋಪಿ ಸರಿಮಾಡಿಕೊಂಡು ಮತ್ತೆ ಕೂತರು.

“ಅಮ್ಮ, ನನಗೂ ಆ ಸರಪಳಿಗೆ ಸೇರ್ಕೊಳ್ಳೋಕೆ ಆಗ್ತದಾ?”

ಫುಪ್ಪು ಚಾಪೆಯನ್ನು ಅವರ ಕಡೆ ಸರಿಸಿದರು.

“ಓದಿ, ಕೇಳ್ತೀನಿ.”